ದಾರಿಹಲಗೆ

ಘಟ್ಟದ ಮೇಲಣ ಸ್ನೇಹಿತರೊಬ್ಬರು ನಮ್ಮಲ್ಲಿಗೆ ಮೊದಲ ಬಾರಿ ಬಂದಾಗ, ಕೋಡಿಂಬಾಳದ ರೈಲು ನಿಲ್ದಾಣದಲ್ಲಿ ಇಳಿದು, ನನ್ನೊಡನೆ ಅರ್ಧ ಗಂಟೆ ನಡೆದ ಮೇಲೆ, “ಎಲ್ಲವೂ ಸರಿಯೆ, ಆದರೆ ಊರೆಲ್ಲಿದೆ?” ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಬಯಲುಸೀಮೆಯಲ್ಲಿ ಊರೆಂದರೆ ಬೀದಿ, ಬೀದಿಯ ಎರಡು ಮಗ್ಗುಲಲ್ಲಿಯೂ ಮನೆಗಳ ಸಾಲು, ನಡುವೆ ಗುಡಿ, ಕೊನೆಯಲ್ಲಿ ಕೆರೆ. ನಮ್ಮಲ್ಲಿ ಹಾಗಲ್ಲ. ಒಂದೊಂದು ಮನೆಯೂ ತನ್ನ ತನ್ನ ಅಡಿಕೆಯ ತೋಟದ ಮಗ್ಗುಲಲ್ಲಿ, ಗುಡ್ಡದ ಬುಡದಲ್ಲಿ, ದಾಯಾದಿಗಳು ಮುನಿಸಿಕೊಂಡು ಕುಳಿತಂತೆ ಪ್ರತ್ಯೇಕವಾಗಿ ಕುಳಿತಿರುವುದು. ಮನೆಗೆ ಸಂಖ್ಯೆಗಿಂತ ಹೆಸರೇ ಮುಖ್ಯ. ಆ ಹೆಸರನ್ನು ಬಲ್ಲವನಿಗೆ ಕತ್ತಲಲ್ಲಿಯೂ ದಾರಿ ತಪ್ಪದು. ಅರಿಯದವನು ಹಾಡುಹಗಲಿನಲ್ಲಿಯೇ ಯಾರದೋ ಹಟ್ಟಿಯ ಮುಂದೆ ನಿಂತು ನಾಯಿಯಿಂದ ಬೊಗಳಿಸಿಕೊಳ್ಳುವನು. ಆದುದರಿಂದಲೇ ಕಾಲುದಾರಿಯು ಹೆದ್ದಾರಿಯನ್ನು ಸೇರುವಲ್ಲಿ ಮನೆಯ ಹೆಸರನ್ನು ಬರೆದ ಹಲಗೆಯೊಂದನ್ನು ನಿಲ್ಲಿಸುವ ಪದ್ಧತಿ ನಮ್ಮಲ್ಲುಂಟು. ಹಲಗೆ ಚಿಕ್ಕದು, ಮಳೆಗೆ ಅಕ್ಷರ ಮಾಸಿದ್ದು. ಆದರೆ ಹೊಸಬನಿಗೆ ಅದೇ ದೈವ.

ಅಂತಹ ಹಲಗೆಯೊಂದನ್ನು ಕಣ್ಣಿಗೆ ಕಾಣದ ಹೆದ್ದಾರಿಯೊಂದರ ಪಕ್ಕದಲ್ಲಿ ನಿಲ್ಲಿಸುವ ಕೆಲಸ ಕಳೆದ ವರ್ಷ ನಮ್ಮ ಮನೆಯವರಿಗೆ ಬಂದೊದಗಿತು. ಅದರಲ್ಲಿ ನನ್ನ ಪಾಲೂ ಸ್ವಲ್ಪವಿದ್ದಿತು. ಆ ಪಾಲು ಹೊಗಳಿಕೊಳ್ಳತಕ್ಕದ್ದಲ್ಲವೆಂಬುದನ್ನು ವಾಚಕರು ಮುಂದೆ ಕಾಣುವರು.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಕೆಲವು ವರ್ಷ ಉದ್ಯೋಗದಲ್ಲಿದ್ದು, ತಾಯಿಯ ಅನಾರೋಗ್ಯದ ನಿಮಿತ್ತ ಊರಿಗೆ ಹಿಂದಿರುಗಿದಳು. ಗಣಿತದಲ್ಲಿ ಅವಳಿಗೆ ಒಳ್ಳೆಯ ಪರಿಶ್ರಮ. ತೋಟದ ಉತ್ಪತ್ತಿಯಿಂದ ಔಷಧದ ವೆಚ್ಚ ಹುಟ್ಟಲಾರದೆಂಬುದನ್ನು ಕಂಡು, ಮನೆಯ ಚಾವಡಿಯಲ್ಲಿಯೇ ಸಾಯಂಕಾಲ ಎಂಟರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಗಣಿತ ಹೇಳಿಕೊಡಲು ಮೊದಲುಮಾಡಿದಳು. ರಾತ್ರಿ, ದೂರದಲ್ಲಿರುವವರಿಗೆ ವಿಡಿಯೋದ ಮೂಲಕ ಪಾಠ. ಆರಂಭದಲ್ಲಿ ಹನ್ನೊಂದು ಮಂದಿ ಮಕ್ಕಳಿದ್ದರು. ವರ್ಷ ತುಂಬುವುದರೊಳಗೆ ಆರಾದರು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಮಾಡಿದವನು ನಮ್ಮ ಊರಿನವನೇ ಇರಬೇಕು. ತೋಟದಾಚೆಯ ಮನೆಯ ಹುಡುಗನು ಅದೇ ಪಾಠಕ್ಕಾಗಿ ಬಸ್ಸು ಹತ್ತಿ ಪುತ್ತೂರಿಗೆ ಹೋಗುತ್ತಿದ್ದನು. ಜೂನ್ ತಿಂಗಳೊಳಗೆ ಮಕ್ಕಳ ಸಂಖ್ಯೆ ಹದಿನೈದಾದರೂ ಆಗದಿದ್ದರೆ ತಾಯಿಯನ್ನು ನಮ್ಮ ವಶಕ್ಕೆ ಬಿಟ್ಟು ಅವಳು ಪುನಃ ಬೆಂಗಳೂರಿಗೆ ಹೋಗುವುದೆಂದು ನಿಶ್ಚಯವಾಯಿತು. ಅದನ್ನು ತಾಯಿಗೆ ಯಾರೂ ಹೇಳಲಿಲ್ಲ. ಆದರೂ ಅವಳಿಗೆ ತಿಳಿದಿತ್ತು.

ಆಗ ಯಾರೋ, “ಜಾಲತಾಣವೊಂದಿದ್ದರೆ ದೂರದ ಮಕ್ಕಳು ಬರುವರು” ಎಂದು ಸಲಹೆ ಕೊಟ್ಟರು. ಪರಿಚಯದ ಹುಡುಗನೊಬ್ಬನು ಅದನ್ನು ರಚಿಸಿಕೊಟ್ಟನು. ನೋಡಲು ಅಂದವಾಗಿತ್ತು: ಉದಯಿಸುವ ಸೂರ್ಯ, ತೆರೆದಿಟ್ಟ ಪುಸ್ತಕ, ಕೆಳಗೆ ಬಂಗಾರದ ಬಣ್ಣದ ಅಕ್ಷರ. ನಾವು ಮನೆಯವರೆಲ್ಲ ಅದನ್ನು ನೋಡಿ ಸಂತೋಷಪಟ್ಟೆವು. ನಮ್ಮ ಹೊರತು ಅದನ್ನು ನೋಡಿದವರು ಮತ್ತಾರೂ ಇರಲಿಲ್ಲವೆಂಬುದು ನಾಲ್ಕು ತಿಂಗಳಾದ ಮೇಲೆ ತಿಳಿಯಿತು.

ಒಂದು ರಾತ್ರಿ ನಾವಿಬ್ಬರೂ ಕುಳಿತು, ಪರಸ್ಥಳದ ತಂದೆಯೊಬ್ಬನು ಹುಡುಕುವಂತೆ ಶೋಧಯಂತ್ರದಲ್ಲಿ ಹುಡುಕಿದೆವು. ‘ಕೋಡಿಂಬಾಳ, ಗಣಿತ’ ಎಂದು ಕೇಳಿದರೆ ಅದು ಪುತ್ತೂರು ತಾಲೂಕಿನ ಕೋಡಿಂಬಾಡಿಯ ಸಮಾಚಾರವನ್ನು ಮುಂದೊಡ್ಡಿತು. ಹೋಗಲಿ, ಒಂದಕ್ಷರದ ಅಂತರ, ಅವರೂ ನಮ್ಮವರೇ. ‘ಕಡಬ’ ಎಂದು ಬರೆದರೆ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿರುವ ಕಡಬ ಎದುರಾಯಿತು. ಅದಕ್ಕೂ ಮೊದಲು, ‘ತಾವು ಕದಂಬವೆಂದು ಕೇಳಿದಿರೇ?’ ಎಂಬ ವಿನಯಪೂರ್ವಕ ಪ್ರಶ್ನೆ. ಒಂದು ಬಾರಿ ಕಡುಬು ಮಾಡುವ ವಿಧಾನವನ್ನೂ ತೋರಿಸಿತು. ‘ಪುತ್ತೂರು’ ಎಂದರೆ ಮುರಿದ ಮೂಳೆಗಳನ್ನು ಕಟ್ಟುವ ನಾಟಿ ವೈದ್ಯಕ್ಕೆ ಹೆಸರಾದ ಆಂಧ್ರಪ್ರದೇಶದ ಪುತ್ತೂರು. ಹತ್ತು ಪುಟ ದಾಟಿದರೂ ನಮ್ಮ ಉದಯಸೂರ್ಯನ ಸುಳಿವಿಲ್ಲ.

ಯಂತ್ರವನ್ನು ದೂರಿ ಫಲವೇನು? ಹೆಸರಿನ ಈ ಗೊಂದಲ ನಮ್ಮ ನಾಡಿಗೆ ಹಳೆಯದು. ನಮ್ಮ ಪುತ್ತೂರಿನ ನಿಲ್ದಾಣಕ್ಕೆ ರೈಲ್ವೆಯವರು ‘ಕಬಕ ಪುತ್ತೂರು’ ಎಂದು ಹೆಸರಿಟ್ಟಿರುವರು. ಆಂಧ್ರದ ಪುತ್ತೂರಿನಲ್ಲಿಯೂ ಒಂದು ನಿಲ್ದಾಣವುಂಟಷ್ಟೆ. ಕೋಡಿಂಬಾಳದ ಮುಂದಿನ ನಿಲ್ದಾಣದ ಹೆಸರು ‘ಸುಬ್ರಹ್ಮಣ್ಯ ರೋಡ್’. ಅದು ಇರುವುದು ಸುಬ್ರಹ್ಮಣ್ಯದಲ್ಲಿ ಅಲ್ಲ, ನೆಟ್ಟಣದಲ್ಲಿ. ಕ್ಷೇತ್ರದ ಹೆಸರನ್ನು ಎರವಲು ಪಡೆದರೂ, ‘ರೋಡ್’ ಎಂಬ ಒಂದು ಪದದಿಂದ ‘ನಾನು ಕ್ಷೇತ್ರವಲ್ಲ, ಕ್ಷೇತ್ರಕ್ಕೆ ಹೋಗುವ ದಾರಿ’ ಎಂದು ಒಪ್ಪಿಕೊಳ್ಳುವ ಆ ಫಲಕದ ಪ್ರಾಮಾಣಿಕತೆ ನನಗೆ ಬಹಳ ದಿನಗಳಿಂದ ಮೆಚ್ಚಿಕೆಯಾದುದು. ಹೆಸರು ಹೇಳುವುದರಲ್ಲಿಯೂ ಒಂದು ಸತ್ಯಾಸತ್ಯವುಂಟು.

ತಂಗಿಯ ಮಗಳು ಹಟ ಹಿಡಿದು ಈ ವಿದ್ಯೆಯನ್ನು ಕಲಿಯಲು ತೊಡಗಿದಳು; ಕಲಿತುದನ್ನು ರಾತ್ರಿಯ ಊಟದ ಹೊತ್ತಿಗೆ ನನಗೆ ಪಾಠ ಒಪ್ಪಿಸುತ್ತಿದ್ದಳು. ಶೋಧಯಂತ್ರದ ಕಾರ್ಯ ಮೂರು ಬಗೆಯದಂತೆ. ಮೊದಲನೆಯದು ಸಂಚಾರ: ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿ ಹಿಡಿದು, ಜೇಡನು ನೂಲಿನ ಮೇಲೆ ಹರಿದಾಡುವಂತೆ, ಅದರ ದೂತರು ಹಗಲಿರುಳೂ ತಿರುಗುತ್ತಿರುವರು. ಎರಡನೆಯದು ಪಟ್ಟಿ: ಕಂಡ ಪುಟಗಳಲ್ಲಿ ಯಾವ ಯಾವ ಪದಗಳಿವೆ ಎಂಬುದನ್ನು, ದೊಡ್ಡ ಗ್ರಂಥದ ಕೊನೆಯಲ್ಲಿ ಪದಸೂಚಿಯನ್ನು ಕೊಡುವಂತೆ, ಬರೆದಿಟ್ಟುಕೊಳ್ಳುವುದು. ಮೂರನೆಯದು ಪಂಕ್ತಿ: ಒಬ್ಬನು ಬಂದು ಕೇಳಿದ ಕ್ಷಣದಲ್ಲಿ ಆ ಪಟ್ಟಿಯಿಂದ ತಕ್ಕವುಗಳನ್ನು ಆಯ್ದು, ಯಾವುದು ಮುಂದೆ, ಯಾವುದು ಹಿಂದೆ ಎಂದು ಎಲೆ ಹಾಕಿ ಕುಳ್ಳಿರಿಸುವುದು. ನಾವು ಪಂಕ್ತಿಯಲ್ಲಿ ನಮ್ಮ ಸ್ಥಾನವೆಲ್ಲಿ ಎಂದು ಚಿಂತಿಸುತ್ತಿದ್ದೆವು. ಅವಳು ಪರೀಕ್ಷಿಸಿ ನೋಡಿದರೆ, ನಮಗೆ ಮನೆಯೊಳಕ್ಕೆ ಪ್ರವೇಶವೇ ಆಗಿರಲಿಲ್ಲ.

ಕಾರಣ ಅತ್ಯಲ್ಪ. ತಾಣವು ಸಿದ್ಧವಾಗುವವರೆಗೆ ಯಾರೂ ಬಾರದಿರಲಿ ಎಂದು ಅದನ್ನು ಕಟ್ಟಿದ ಹುಡುಗನು ‘ಇದನ್ನು ಪಟ್ಟಿಗೆ ಸೇರಿಸಬೇಡಿ’ ಎಂಬ ಗುರುತೊಂದನ್ನು ಒಳಗೆ ಇಟ್ಟಿದ್ದನು. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲು ಮರೆತನು. ದೂತರು ಬಾಗಿಲಿನವರೆಗೆ ಬಂದು, ಆಜ್ಞೆಯನ್ನು ಓದಿ, ವಿಧೇಯರಾಗಿ ಹಿಂದಿರುಗಿದ್ದರು. ಗೃಹಪ್ರವೇಶಕ್ಕೆ ಊರನ್ನೆಲ್ಲ ಕರೆದು, ಗದ್ದೆಯ ಬದಿಯ ತಡಮೆಗೆ ಮುಳ್ಳಿಟ್ಟು ಮರೆತಂತಾಗಿತ್ತು ನಮ್ಮ ಸಂಭ್ರಮ. ಹುಡುಗನನ್ನು ಬಯ್ಯಲು ನನಗೆ ಮನಸ್ಸಾಗಲಿಲ್ಲ. ಮೂವತ್ತು ವರ್ಷ ಉಪಾಧ್ಯಾಯನಾಗಿದ್ದ ನಾನು ಎಷ್ಟು ಮಕ್ಕಳ ಮುಂದೆ ಇಂತಹ ಮುಳ್ಳನ್ನಿಟ್ಟು ಮರೆತಿದ್ದೆನೋ!

ಮುಳ್ಳು ತೆಗೆದುದಾಯಿತು. ದೂತರು ಒಳಗೆ ಬಂದರು. ಆದರೆ ಅವರಿಗೆ ಓದಲು ಅಲ್ಲಿ ಏನೂ ಇರಲಿಲ್ಲ. ಬಂಗಾರದ ಅಕ್ಷರಗಳೆಲ್ಲ ಚಿತ್ರದ ಭಾಗಗಳು. ಮನುಷ್ಯನ ಕಣ್ಣಿಗೆ ಅವು ಅಕ್ಷರ, ಪಟ್ಟಿ ಬರೆಯುವವನಿಗೆ ಬರಿಯ ಬಣ್ಣ. ಉಳಿದ ನಾಲ್ಕು ಸಾಲು ಕನ್ನಡವು ಹಳೆಯ ಕಾಲದ ಅಕ್ಷರಜೋಡಣೆಯಿಂದ ಎತ್ತಿ ತಂದುದು. ವಾಚಕರಲ್ಲಿ ಮುದ್ರಣಾಲಯದ ಪರಿಚಯವುಳ್ಳವರು ಇದನ್ನು ಬಲ್ಲರು: ಆ ಹಳೆಯ ಪದ್ಧತಿಯಲ್ಲಿ ತೆರೆಯ ಮೇಲೆ ‘ಕ’ ಎಂದು ಕಾಣಿಸುವುದು ಯಂತ್ರದ ಒಳಗೆ ಬೇರಾವುದೋ ಗುರುತು, ತಕ್ಕ ಅಚ್ಚು ಇಲ್ಲದ ಕಡೆ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುವುದು. ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತುದು 1991ರಲ್ಲಿ. ನಮ್ಮ ಜಿಲ್ಲೆಯ ಕಿನ್ನಿಕಂಬಳದ ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮವನ್ನು ಇಂದು ಕನ್ನಡ ಬರೆಯುವ ಅಸಂಖ್ಯ ಕೈಗಳು ಬಳಸುತ್ತಿವೆ. ಇಷ್ಟೆಲ್ಲ ಅನುಕೂಲವಿದ್ದೂ ನಮ್ಮ ಪುಟವು ಮೂಗನ ಭಾಷೆಯಲ್ಲಿ ಮಾತನಾಡುತ್ತಿತ್ತು. ಅವಳು ಎಲ್ಲವನ್ನೂ ಅಳಿಸಿ ಯೂನಿಕೋಡಿನಲ್ಲಿ ಹೊಸತಾಗಿ ಬರೆದಳು. ಚಿತ್ರಗಳಿಗೆ, ಇದು ಇಂತಹದರ ಚಿತ್ರವೆಂದು ಒಂದೊಂದು ಸಾಲಿನ ವಿವರಣೆ ಸೇರಿಸಿದಳು. ಭಾರವಾದ ಸೂರ್ಯನನ್ನು ತೆಗೆದುಹಾಕಿದಳು. ಮಳೆಗಾಲದಲ್ಲಿ ಇಲ್ಲಿಯ ದುರ್ಬಲ ಸಂಪರ್ಕದಲ್ಲಿ ಆ ಸೂರ್ಯನು ಮೂಡುವುದಕ್ಕೆ ನಿಜವಾದ ಸೂರ್ಯನಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಇನ್ನು ಏನನ್ನು ಬರೆಯುವುದು? ಇಲ್ಲಿ ನನ್ನ ಸಾಹಿತ್ಯಸೇವೆ ಒದಗಿತು. “ವಿದ್ಯಾರ್ಥಿಗಳ ಸರ್ವತೋಮುಖ ವಿಕಾಸಕ್ಕಾಗಿ ಸಮರ್ಪಿತವಾದ ಉತ್ಕೃಷ್ಟ ಜ್ಞಾನಕೇಂದ್ರ” ಎಂದು ನಾನು ಒಂದು ವಾಕ್ಯವನ್ನು ರಚಿಸಿಕೊಟ್ಟೆನು. ಅವಳು ಓದಿ, “ಮಾವ, ಇದನ್ನು ಹುಡುಕಿಕೊಂಡು ಯಾರು ಬರುವರು?” ಎಂದಳು. ನಾನು ನಿರುತ್ತರನಾದೆನು. ಆ ಬಳಿಕ ಒಂದು ತಿಂಗಳವರೆಗೆ, ಪೋಷಕರು ದೂರವಾಣಿಯಲ್ಲಿ ಮೊದಲು ಆಡುವ ಮಾತನ್ನು ಅವಳು ಒಂದು ಪುಸ್ತಕದಲ್ಲಿ ಬರೆದಿಟ್ಟಳು. ‘ಹತ್ತನೇ ಕ್ಲಾಸಿಗೆ ಮ್ಯಾಥ್ಸ್ ಟ್ಯೂಷನ್ ಉಂಟೇ?’ ‘ಕನ್ನಡ ಮಾಧ್ಯಮದವರಿಗೆ ಹೇಳುತ್ತೀರಾ?’ ‘ಫೀಸು ಎಷ್ಟು?’ ‘ಕಡಬದಿಂದ ಬರುವುದಕ್ಕೆ ಬಸ್ಸು ಯಾವಾಗ?’ ಅದರಲ್ಲಿ ‘ವಿಕಾಸ’ ಒಂದು ಸಲವೂ ಬರಲಿಲ್ಲ. ಪುಟದ ಶಿರೋನಾಮೆಯಲ್ಲಿ ಅವಳು ಬರೆದುದು ಇಷ್ಟೆ: ‘8, 9, 10ನೇ ತರಗತಿ ಗಣಿತ ಟ್ಯೂಷನ್, ಕನ್ನಡ ಮತ್ತು ಇಂಗ್ಲಿಷ್ ಮಾಧ್ಯಮ, ಕೋಡಿಂಬಾಳ, ಕಡಬ ತಾಲೂಕು, ದಕ್ಷಿಣ ಕನ್ನಡ.’ ಜಿಲ್ಲೆಯ ಹೆಸರು ಸೇರಿದ ಮೇಲೆ ಗುಬ್ಬಿಯ ಕಡಬವೂ ಆಂಧ್ರದ ಪುತ್ತೂರೂ ತಾವಾಗಿ ಹಿಂದೆ ಸರಿದವು. ನಮ್ಮ ಊರು ಹಿಂದೆ ಪುತ್ತೂರು ತಾಲೂಕಿಗೆ ಸೇರಿದುದು, ಈಗ ಕಡಬಕ್ಕೆ; ಹಳೆಯ ವಿಳಾಸವನ್ನೇ ಹಿಡಿದಿರುವವರು ಇರುವರಾದುದರಿಂದ ಅದನ್ನೂ ಒಂದು ಸಾಲಿನಲ್ಲಿ ತಿಳಿಸಿದಳು. ನನ್ನ ವಾಕ್ಯ ಹೋದುದಕ್ಕೆ ನನಗೆ ಸ್ವಲ್ಪ ನೋವಾಯಿತು. ಆದರೆ ದಾರಿಹಲಗೆಯ ಮೇಲೆ ಯಾರೂ ಅಲಂಕಾರವನ್ನು ಬರೆಯುವುದಿಲ್ಲವೆಂಬುದು ನಿಜ.

ಬಳಿಕ ನಕ್ಷೆಯ ಕೆಲಸ. ಗೂಗಲ್ ಸಂಸ್ಥೆಯು ಅಂಗಡಿ, ಶಾಲೆ, ವೈದ್ಯಶಾಲೆ ಮೊದಲಾದವುಗಳ ಒಡೆಯರು ತಮ್ಮ ಸ್ಥಳ, ವೇಳೆ, ದೂರವಾಣಿಗಳನ್ನು ದಾಖಲಿಸಲು ವೆಚ್ಚವಿಲ್ಲದ ಏರ್ಪಾಡೊಂದನ್ನು ಇಟ್ಟಿದೆ. ಹತ್ತಿರದ ಸ್ಥಳಗಳನ್ನು ತೋರಿಸುವಾಗ ತಾನು ಮೂರನ್ನು ಗಣಿಸುವೆನೆಂದು ಅದೇ ಹೇಳಿಕೊಂಡಿದೆ: ಕೇಳಿದುದಕ್ಕೆ ಹೊಂದಿಕೆ, ಕೇಳಿದವನಿಂದ ದೂರ, ಜನರಲ್ಲಿರುವ ಪ್ರಸಿದ್ಧಿ. ದೂರವನ್ನು ನಾವು ಬದಲಿಸಲಾರೆವು; ಪ್ರಸಿದ್ಧಿ ಒಂದು ದಿನದ ಬೆಳೆಯಲ್ಲ; ಉಳಿದುದು ಹೊಂದಿಕೆ. ತಾಣದಲ್ಲಿ, ನಕ್ಷೆಯಲ್ಲಿ, ಕರಪತ್ರದಲ್ಲಿ ಒಂದೇ ಹೆಸರು, ಒಂದೇ ವಿಳಾಸ, ಒಂದೇ ಸಂಖ್ಯೆ ಇರುವಂತೆ ಅವಳು ತಿದ್ದಿದಳು. ಒಂದು ಕಡೆ ‘ಕೋಡಿಂಬಾಳ’, ಇನ್ನೊಂದು ಕಡೆ ‘ಕೊಡಿಂಬಾಲ’ ಎಂದಿದ್ದರೆ ಯಂತ್ರಕ್ಕೆ ಅವು ಇಬ್ಬರು ದಾಯಾದಿಗಳಾಗುವುದು ಸಹಜ.

ಈ ನಡುವೆ ನಗರದಿಂದ ಒಬ್ಬ ಮಹಾಶಯನು ದೂರವಾಣಿಯಲ್ಲಿ ಮಾತನಾಡಿದನು. ಒಂದೇ ತಿಂಗಳಲ್ಲಿ ನಮ್ಮ ತಾಣವನ್ನು ಪಂಕ್ತಿಯ ಮೊದಲನೆಯ ಎಲೆಯಲ್ಲಿ ಕುಳ್ಳಿರಿಸುವೆನೆಂದು ಅವನ ಭರವಸೆ. ಊರಿನ ಹೆಸರನ್ನು ಮಂಗಳೂರು ಎಂದು ಬರೆಯುವುದು. ಕಣ್ಣಿಗೆ ಕಾಣದ ಕಡೆ ‘ಉತ್ತಮ, ಅತ್ಯುತ್ತಮ, ಸರ್ವೋತ್ತಮ’ ಎಂಬ ಪದಗಳನ್ನು ನೂರು ಸಲ ತುರುಕುವುದು. ಇನ್ನೂರು ಬೇರೆ ತಾಣಗಳಿಂದ ನಮ್ಮ ಕಡೆಗೆ ಕೊಂಡಿಗಳನ್ನು ಹಣಕ್ಕೆ ಕೊಳ್ಳುವುದು. ಇದರಲ್ಲಿ ಕೊಂಡಿಯ ಮಾತಿಗೆ ಒಂದು ಇತಿಹಾಸವುಂಟು. 1998ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಸೆರ್ಗೈ ಬ್ರಿನ್, ಲ್ಯಾರಿ ಪೇಜ್ ಎಂಬಿಬ್ಬರು ತಮ್ಮ ಶೋಧಯಂತ್ರವನ್ನು ವಿವರಿಸುತ್ತ, ಒಂದು ಪುಟವನ್ನು ಎಷ್ಟು ಪುಟಗಳು ಉಲ್ಲೇಖಿಸುತ್ತವೆ, ಉಲ್ಲೇಖಿಸುವ ಪುಟಗಳು ತಾವೆಷ್ಟು ಮಾನ್ಯವಾದವು ಎಂಬುದರಿಂದ ಅದರ ಗೌರವವನ್ನು ಅಳೆಯುವ ಕ್ರಮವನ್ನು ಮುಂದಿಟ್ಟರು. ವಿದ್ವಾಂಸರು ಒಬ್ಬರನ್ನೊಬ್ಬರು ಪ್ರಮಾಣವಾಗಿ ಎತ್ತಿ ಹೇಳುವ ಸಂಪ್ರದಾಯವೇ ಅದರ ಮೂಲ. ಆದರೆ ಗೌರವಕ್ಕೆ ಬೆಲೆ ಕಟ್ಟಿದ ಮರುದಿನವೇ ಅದರ ಸಂತೆ ನೆರೆಯಿತು. ಒಂಟೆಯ ಮದುವೆಯಲ್ಲಿ ಕತ್ತೆ ಹಾಡಿ, ಇದು ಅದರ ರೂಪವನ್ನೂ ಅದು ಇದರ ಧ್ವನಿಯನ್ನೂ ಹೊಗಳಿದ ಕಥೆಯನ್ನು ನಾವು ಬಾಲ್ಯದಲ್ಲಿ ಓದಿಲ್ಲವೆ? ಇಂತಹ ಕೊಂಡ ಕೊಂಡಿಗಳನ್ನು ಹಿಡಿಯಲೆಂದೇ 2012ರಲ್ಲಿ ಗೂಗಲ್ ‘ಪೆಂಗ್ವಿನ್’ ಎಂಬ ಮಾರ್ಪಾಡನ್ನು ತಂದಿತು. ಪುಟದ ಹಿಂದೆ ಗುಟ್ಟಾಗಿ ಬರೆದಿಡುವ ಪದಗಳ ಪಟ್ಟಿಯನ್ನು ತಾನು ಪಂಕ್ತಿ ಹಾಕುವಾಗ ಲೆಕ್ಕಿಸುವುದಿಲ್ಲವೆಂದು 2009ರಲ್ಲಿಯೇ ಸಾರಿತ್ತು.

ಆ ಮಹಾಶಯನ ಮತ್ತೊಂದು ಸಲಹೆ ಇದ್ದಿತು: ಕಳೆದ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಹುಡುಗಿಯ ಭಾವಚಿತ್ರವನ್ನು ಮುಂದೆ ಹಾಕಿ, ‘ನಮ್ಮ ವಿದ್ಯಾರ್ಥಿನಿ, ನೂರಕ್ಕೆ ನೂರು ಯಶಸ್ಸು’ ಎಂದು ಬರೆಯುವುದು. ಆ ಹುಡುಗಿ ನಮ್ಮಲ್ಲಿ ಓದಿದ್ದು ಎರಡು ತಿಂಗಳು ಮಾತ್ರ. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ತರಬೇತಿ ಸಂಸ್ಥೆಗಳ ದಾರಿತಪ್ಪಿಸುವ ಜಾಹೀರಾತುಗಳ ವಿಷಯದಲ್ಲಿ ಮಾರ್ಗಸೂಚಿಯನ್ನು ಹೊರಡಿಸಿ, ಯಶಸ್ಸು ಪಡೆದ ವಿದ್ಯಾರ್ಥಿಯ ಹೆಸರನ್ನಾಗಲಿ ಚಿತ್ರವನ್ನಾಗಲಿ ಅವನ ಲಿಖಿತ ಒಪ್ಪಿಗೆಯಿಲ್ಲದೆ ಬಳಸಬಾರದು, ಆ ಒಪ್ಪಿಗೆಯನ್ನು ಫಲಿತಾಂಶ ಬಂದ ಬಳಿಕವೇ ಪಡೆಯಬೇಕು ಎಂದು ವಿಧಿಸಿದೆ. ಅದು ಐವತ್ತಕ್ಕೆ ಮಿಕ್ಕ ವಿದ್ಯಾರ್ಥಿಗಳುಳ್ಳ ಸಂಸ್ಥೆಗಳನ್ನು ಉದ್ದೇಶಿಸಿದುದು. “ಆರು ಮಂದಿಯ ಚಾವಡಿಗೆ ಆ ವಿಧಿ ತಾಗಲಾರದು” ಎಂದು ನಾನು ಪ್ರಾಜ್ಞನಂತೆ ನುಡಿದೆನು. ಅವಳು, “ಐವತ್ತು ಮಂದಿಗೆ ಹೇಳಬಾರದ ಸುಳ್ಳನ್ನು ಆರು ಮಂದಿಗೆ ಹೇಳಬಹುದೇ?” ಎಂದು ಕೇಳಿ, ಮಹಾಶಯನಿಗೆ ನಮಸ್ಕಾರ ತಿಳಿಸಿದಳು.

ತಿದ್ದಿದುದೆಲ್ಲ ಆಯಿತು, ಕಾಯುವುದು ಉಳಿಯಿತು. ಮಾಡಿದ ಬದಲಾವಣೆಯ ಫಲ ಕೆಲವು ಗಂಟೆಗಳಲ್ಲಿಯೂ ಕಾಣಬಹುದು, ಕೆಲವು ತಿಂಗಳುಗಳೂ ಹಿಡಿಯಬಹುದು ಎಂಬುದು ಯಂತ್ರದ ಒಡೆಯರ ಮಾತು. ಅಡಿಕೆಯ ಸಸಿ ನೆಟ್ಟು ವರ್ಷಗಟ್ಟಲೆ ಕಾಯುವ ಜನ ನಾವು. ಆದರೂ ಈ ತಿಂಗಳುಗಳು ನಮಗೆ ಭಾರವಾದವು. ಫೆಬ್ರವರಿ ಹೋಯಿತು, ಮಾರ್ಚ್ ಬಂದಿತು. ಹೊಸತಾಗಿ ಬಂದವನು ಒಬ್ಬನೇ ಹುಡುಗ. ಅವನ ತಂದೆಯೂ ನಕ್ಷೆಯನ್ನು ನಂಬದೆ, ಯಾರಲ್ಲಿಯೋ ಕೇಳಿ, ಕೋಡಿಂಬಾಡಿಗೆ ಹೋಗಿ ಸುತ್ತಿ ಬಂದಿದ್ದನು. ಒಂದು ಸಂಜೆ ಬೆಂಗಳೂರಿನ ಹಳೆಯ ಉದ್ಯೋಗದಾತರಿಂದ ಅವಳಿಗೆ ಪತ್ರ ಬಂದಿತು. ಅವಳು ಅದನ್ನು ಓದಿ ಮೇಜಿನ ಮೇಲಿಟ್ಟು ತಾಯಿಗೆ ಗಂಜಿ ಕೊಡಲು ಹೋದಳು. ಒಳಗಿನಿಂದ ತಂಗಿಯ ಧ್ವನಿ ಕೇಳಿಸಿತು: “ಯಾವಾಗ ಹೋಗುತ್ತಿ?” ಉತ್ತರ ಕೇಳಿಸಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಪ್ರಸಿದ್ಧಿ ಎಂಬುದಕ್ಕೆ ಪೋಷಕರು ಬರೆಯುವ ಅಭಿಪ್ರಾಯಗಳೂ ಅವರು ಕೊಡುವ ನಕ್ಷತ್ರಗಳೂ ಸೇರುವುವೆಂದು ಅವಳೇ ನನಗೆ ಹೇಳಿಕೊಟ್ಟಿದ್ದಳು. ನಮ್ಮ ಹೆಸರಿನ ಕೆಳಗೆ ಇದ್ದುದು ಎರಡೇ ಅಭಿಪ್ರಾಯ. ನಾನು ಎದ್ದು, ದೀಪ ಹಚ್ಚದೆ, ಫೋನನ್ನು ಕೈಗೆತ್ತಿಕೊಂಡು, ಇಲ್ಲದ ಹೆಸರೊಂದರಲ್ಲಿ ಖಾತೆಯನ್ನು ತೆರೆದು, ಇಲ್ಲದ ಮಗಳೊಬ್ಬಳ ತಂದೆಯಾದೆನು. ಆ ಮಗಳು ಗಣಿತದಲ್ಲಿ ಹಿಂದುಳಿದವಳಾಗಿದ್ದು, ಕೋಡಿಂಬಾಳದ ಈ ಶಿಕ್ಷಕಿಯ ಪರಿಶ್ರಮದಿಂದ ತೊಂಬತ್ತು ಅಂಕಗಳನ್ನು ಗಳಿಸಿದಳೆಂದು ಬರೆದೆನು. ಐದು ನಕ್ಷತ್ರಗಳನ್ನು ಕೊಟ್ಟೆನು. ಬೆಳಗಿನ ಜಾವ ಮಲಗಿದಾಗ, ಒಂದು ಪರೋಪಕಾರ ಮಾಡಿದ ತೃಪ್ತಿಯೇ ನನ್ನಲ್ಲಿದ್ದಿತು. ಅದನ್ನು ಇಲ್ಲಿ ಮರೆಮಾಚುವುದಿಲ್ಲ.

ಮೂರು ದಿನಗಳ ಮೇಲೆ ಅವಳು ನನ್ನ ಕುರ್ಚಿಯ ಬಳಿ ಬಂದು ಕುಳಿತಳು. ಫೋನನ್ನು ನನ್ನ ಮುಂದೆ ಹಿಡಿದು, “ಮಾವ, ಈ ಕಾಲದಲ್ಲಿ ‘ಶ್ಲಾಘನೀಯವಾದುದೆಂಬುದರಲ್ಲಿ ಸಂದೇಹವಿಲ್ಲ’ ಎಂದು ಬರೆಯುವ ತಂದೆ ಕಡಬ ತಾಲೂಕಿನಲ್ಲಿ ಎಷ್ಟು ಮಂದಿ ಇರುವರು?” ಎಂದು ಕೇಳಿದಳು. ನಾನು ಸುಮ್ಮನಿದ್ದೆನು. ಅವಳು ಕೋಪಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಪರೀಕ್ಷೆಯಲ್ಲಿ ನಕಲು ಮಾಡಿದ ಹುಡುಗನನ್ನು ನೀವು ಏನು ಮಾಡುತ್ತಿದ್ದಿರಿ?” ಎಂದಳು.

ನಾನು ಏನು ಮಾಡುತ್ತಿದ್ದೆನು? ನನಗೆ ಚೆನ್ನಾಗಿ ನೆನಪುಂಟು. ಒಬ್ಬನನ್ನು ಉತ್ತರಪತ್ರಿಕೆ ಕಸಿದು ಹೊರಗೆ ಕಳುಹಿಸಿದ್ದೆನು. ಅವನೂ ಅಳುತ್ತ, “ಅಮ್ಮನಿಗೆ ಸೌಖ್ಯವಿಲ್ಲ, ಓದಲಾಗಲಿಲ್ಲ” ಎಂದಿದ್ದನು. ‘ಅದು ಬೇರೆ, ಇದು ಬೇರೆ’ ಎಂದು ನಾನು ಅವನಿಗೆ ಉಪದೇಶಿಸಿದೆನು. ಆ ಹುಡುಗನ ಮುಖವು ಇಷ್ಟು ವರ್ಷಗಳ ಮೇಲೆ ನನ್ನ ಮುಂದೆ ಬಂದು ನಿಂತಿತು. ಇಲ್ಲದ ಮಗಳನ್ನು ನಂಬಿ, ಇರುವ ಮಗಳೊಬ್ಬಳನ್ನು ಯಾವನೋ ತಂದೆ ಕರೆತಂದು, ಕಷ್ಟಪಟ್ಟು ಗಳಿಸಿದ ಹಣವನ್ನು ಕೊಟ್ಟರೆ, ಆ ಹಣದಲ್ಲಿ ನನ್ನ ಕಳವಿನ ಪಾಲೆಷ್ಟು? ‘ಗ್ರಾಹಕರ ಅಭಿಪ್ರಾಯಗಳು ನೈಜವಾಗಿರತಕ್ಕದ್ದು’ ಎಂಬ ಉದ್ದೇಶದಿಂದ ಭಾರತೀಯ ಮಾನಕ ಸಂಸ್ಥೆಯು 2022ರಲ್ಲಿ ಒಂದು ಮಾನಕವನ್ನೇ ಪ್ರಕಟಿಸಿದೆಯೆಂದು ಅವಳು ಆಮೇಲೆ ತಿಳಿಸಿದಳು. ನನಗೆ ಆ ಮಾನಕದ ಅಗತ್ಯವಿರಲಿಲ್ಲ. ಅವಳ ಮುಂದೆಯೇ ಆ ಬರಹವನ್ನು ಅಳಿಸಿದೆನು.

ಆ ಸಂಜೆ ಎಲ್ಲಿಯೋ ಬಯಲಾಟವಿದ್ದಿರಬೇಕು. ಗುಡ್ಡದಾಚೆಯಿಂದ ಚಂಡೆಯ ಕೇಳಿ ಕೇಳಿಸುತ್ತಿತ್ತು. ಇಂದು ಇಂತಲ್ಲಿ ಆಟವುಂಟು ಎಂದು ಸುತ್ತಲಿನ ಮನೆಗಳಿಗೆ ಸಾರುವುದು ಕೇಳಿಯ ಕೆಲಸ. ಅದು ಆಟವನ್ನು ಹೊಗಳುವುದಿಲ್ಲ, ದಿಕ್ಕನ್ನು ತಿಳಿಸುವುದು. ಆಟ ಚೆನ್ನಾಗಿದ್ದರೆ ಜನ ಬೆಳಗಿನವರೆಗೆ ಕುಳಿತಾರು, ಇಲ್ಲದಿದ್ದರೆ ಎದ್ದು ಹೋದಾರು. ನಾವು ಬಾರಿಸಬೇಕಾದುದೂ ಅಷ್ಟೇ ಎಂದು ತೋರಿತು.

ಅವಳು ಪತ್ರಕ್ಕೆ ಉತ್ತರ ಬರೆಯುವುದನ್ನು ಜೂನಿನವರೆಗೆ ಮುಂದೂಡಿ, ಬೇರೊಂದು ಕೆಲಸಕ್ಕೆ ಕೈಹಾಕಿದಳು. ಯಾವ ಯಾವ ಪ್ರಶ್ನೆಗೆ ನಮ್ಮ ಪುಟ ಕಾಣಿಸಿಕೊಂಡಿತೆಂದು ತಾಣದ ಒಡೆಯರಿಗೆ ತಿಳಿಸುವ ‘ಸರ್ಚ್ ಕನ್ಸೋಲ್’ ಎಂಬ ಸಾಧನವುಂಟು. ಅದನ್ನು ನೋಡಿದಾಗ, ಮಕ್ಕಳು ಟ್ಯೂಷನ್ನನ್ನು ಹುಡುಕುವುದಕ್ಕಿಂತ ತಮ್ಮ ತೊಡಕನ್ನೇ ನೇರವಾಗಿ ಹುಡುಕುವರೆಂದು ಕಂಡಿತು. ಋಣವನ್ನು ಋಣದಿಂದ ಗುಣಿಸಿದರೆ ಧನವೇಕೆ? ಸೊನ್ನೆಯಿಂದ ಭಾಗಿಸಬಾರದೇಕೆ? ವರ್ಗಮೂಲ ಎರಡನ್ನು ಭಿನ್ನರಾಶಿಯಾಗಿ ಬರೆಯಲಾಗದೇಕೆ? ಚಾವಡಿಯಲ್ಲಿ ಆರು ಮಂದಿ ಕೇಳಿದ ಇಂತಹ ಪ್ರಶ್ನೆಗಳಿಗೆ, ಚಾವಡಿಯಲ್ಲಿ ಹೇಳಿದಂತೆಯೇ, ತಿಳಿಗನ್ನಡದಲ್ಲಿ ಒಂದೊಂದು ಪುಟದ ಉತ್ತರವನ್ನು ಅವಳು ವಾರಕ್ಕೊಂದರಂತೆ ಬರೆದಳು. ಅವುಗಳಲ್ಲಿ ಸಾಲವನ್ನೂ ಅಡಿಕೆಯ ಲೆಕ್ಕವನ್ನೂ ಉದಾಹರಿಸಿದಳು. ಇಂಗ್ಲಿಷಿನಲ್ಲಿ ಇಂತಹವು ಅಸಂಖ್ಯ, ಕನ್ನಡದಲ್ಲಿ ವಿರಳ. ವಿರಳವಾದ ದಾರಿಯಲ್ಲಿ ಸಣ್ಣ ಹಲಗೆಯೂ ಕಾಣಿಸುವುದಷ್ಟೆ. ಓದಿದ ಉಪಾಧ್ಯಾಯರು ಕೆಲವರು ತಮ್ಮ ತಮ್ಮ ಪುಟಗಳಿಂದ ಅವಕ್ಕೆ ಕೊಂಡಿ ಕೊಟ್ಟರು. ಇವು ಹಣಕ್ಕೆ ಕೊಂಡುವಲ್ಲ. ನೆರೆಯವನು ಬೇಕೆಂದು ತಾನೇ ಹಾಕಿದ ಅಡಿಕೆಮರದ ಸಂಕಗಳು.

ಮೇ ತಿಂಗಳಲ್ಲಿ ಕಾಸರಗೋಡಿನಿಂದ ಒಬ್ಬ ತಾಯಿ ದೂರವಾಣಿಯಲ್ಲಿ ಮಾತನಾಡಿದಳು. ಅವಳ ಮಗನು ಕನ್ನಡ ಮಾಧ್ಯಮದವನು. ಕೇರಳದ ಪಠ್ಯಕ್ರಮವನ್ನು ಕನ್ನಡದಲ್ಲಿ ಓದುವವನು. ಋಣಸಂಖ್ಯೆಯ ಪುಟವನ್ನು ಅವನು ತಾನಾಗಿ ಹುಡುಕಿ ಓದಿ, “ನನಗೆ ತಿಳಿಯಿತು” ಎಂದು ತಾಯಿಯ ಬಳಿಗೆ ಓಡಿಬಂದನಂತೆ. “ನಮ್ಮ ಪುಸ್ತಕವನ್ನೂ ಹೇಳಿಕೊಡುವಿರಾ?” ಎಂದು ಆಕೆ ಕೇಳಿದಳು. ಇವಳು, ತಾನು ಆ ಪಠ್ಯಕ್ರಮವನ್ನು ಕಲಿಸಿದವಳಲ್ಲ, ಪುಸ್ತಕವನ್ನು ತರಿಸಿ ಓದಿ ಒಂದು ವಾರದಲ್ಲಿ ತಿಳಿಸುವೆನು ಎಂದಳು. ಅಷ್ಟು ಪ್ರಾಮಾಣಿಕತೆ ವ್ಯಾಪಾರಕ್ಕೆ ಸಲ್ಲದೆಂದು ನನ್ನ ಬಾಯಿಗೆ ಬಂದಿತು. ನನ್ನ ಪೂರ್ವಚರಿತ್ರೆಯನ್ನು ನೆನೆದು ಬಾಯಿ ಮುಚ್ಚಿಕೊಂಡೆನು. ಆ ಹುಡುಗನು ಸೇರಿದನು. ಅವನ ಹಿಂದೆ ಅವನ ಇಬ್ಬರು ಸಹಪಾಠಿಗಳು.

ಜೂನ್ ಹದಿನೈದಕ್ಕೆ ಲೆಕ್ಕ ಹಾಕಿದಾಗ ಹದಿನಾಲ್ಕು ಮಂದಿ ಇದ್ದರು. ಒಂದು ಕಡಮೆ. ಅವಳು ಆ ಒಂದನ್ನು ತಾಯಿಗೆ ಮಾಫಿ ಮಾಡಿ, ಬೆಂಗಳೂರಿಗೆ ‘ಬರಲಾರೆ’ ಎಂದು ಬರೆದಳು. ಪಂಕ್ತಿಯ ಮೊದಲನೆಯ ಎಲೆ ನಮಗೆ ಈಗಲೂ ದೊರೆತಿಲ್ಲ, ಮೂರನೆಯದೋ ನಾಲ್ಕನೆಯದೋ. ಹಸಿದು ಬಂದವನಿಗೆ ಅಲ್ಲಿಯೂ ಊಟ ಸಿಗುವುದು.

ಕಳೆದ ತಿಂಗಳು ನಮ್ಮ ಹೆಸರಿನ ಕೆಳಗೆ ಹೊಸ ಅಭಿಪ್ರಾಯವೊಂದು ಬಂದಿತು. ನಾಲ್ಕೇ ನಕ್ಷತ್ರ. ‘ಚೆನ್ನಾಗಿ ಹೇಳಿಕೊಡುತ್ತಾರೆ. ಮಳೆ ಬಂದರೆ ಕರೆಂಟು ಹೋಗಿ ಕ್ಲಾಸು ತಪ್ಪುತ್ತದೆ. ರಸ್ತೆಯ ಬೋರ್ಡು ಓದಲು ಕಾಣುವುದಿಲ್ಲ.’ ಅವಳು ಅದಕ್ಕೆ ವಂದನೆ ತಿಳಿಸಿ, ಬ್ಯಾಟರಿಯೊಂದನ್ನು ತರಿಸಿದಳು. ಬೋರ್ಡಿನ ಕೆಲಸವನ್ನು ನನಗೆ ಒಪ್ಪಿಸಿದಳು. ಮೊನ್ನೆ ಬಿಸಿಲು ಬಂದ ದಿನ, ಬಿಳಿಯ ಬಣ್ಣವನ್ನೂ ಕುಂಚವನ್ನೂ ಹಿಡಿದು ಹೆದ್ದಾರಿಯ ಪಕ್ಕಕ್ಕೆ ಹೋಗಿ ಕುಳಿತೆನು. ಏನು ಬರೆಯಲೆಂದು ಒಂದು ಗಳಿಗೆ ಯೋಚಿಸಿದೆನು, ಹಳೆಯ ಚಾಳಿ. ಕೊನ್ನೆಗೆ, ಮನೆಯ ಹೆಸರು, ‘ಗಣಿತ ಪಾಠ’, ಒಂದು ಬಾಣ, ಇಷ್ಟನ್ನು ಮಾತ್ರ ಬರೆದು, ಅಕ್ಷರಗಳು ದೂರದಿಂದ ಕಾಣುವುವೋ ಎಂದು ರಸ್ತೆಯ ಆಚೆಗೆ ದಾಟಿ ನಿಂತು ನೋಡಿದೆನು. ಕಾಣುತ್ತಿದ್ದವು.